ಅಂಗಳ ತೊಳೆಯುವ ಮದ್ದು

ಅಂಗಳ ತೊಳೆಯುವುದೂ ಒಂದು ವಿಷಯವೇ, ಅದಕ್ಕೂ ಒಂದು ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ಕೆಲವು ವರ್ಷಗಳ ಹಿಂದೆ ಇಂಥ ಲೇಖನ ಕಣ್ಣಿಗೆ ಬಿದ್ದಿದ್ದರೆ ನಾನೂ ಹಾಳೆ ಮಗುಚಿ ಅಡಿಗೆಯ ಪುಟಕ್ಕೆ ಹೋಗಿಬಿಡುತ್ತಿದ್ದೆ. ಆದರೆ ನಮ್ಮ ಕಟ್ಟಡದ ಅಂಗಳದಲ್ಲಿ ಕೆಲಸಕ್ಕೆ ಬಂದ ಹುಡುಗನೊಬ್ಬ ಕೆಮ್ಮುತ್ತ ಕುಸಿದು ಕುಳಿತದ್ದನ್ನು ಕಂಡಮೇಲೆ, ಅದಕ್ಕೆ ಕಾರಣವಾದ ವೋಚರಿನ ಮೇಲೆ ನನ್ನದೇ ರುಜು ಇದ್ದುದನ್ನು ನೆನೆದಮೇಲೆ, ಈ ವಿಷಯವನ್ನು ನಾಲ್ಕು ಜನರ ಮುಂದೆ ಇಡುವುದು ಒಳ್ಳೆಯದೆಂದು ತೋರಿತು.

ನಾನು ಪುಣೆಯಲ್ಲಿ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ನಾವಿರುವುದು ಹದಿನಾರು ಮನೆಗಳ ಹಳೆಯ ಸೊಸೈಟಿ. ಗುಮಾಸ್ತನೆಂದ ಮೇಲೆ ಬರೆಯಲು ಬರುತ್ತದೆ, ಬರೆಯಲು ಬಂದ ಮೇಲೆ ಕಾರ್ಯದರ್ಶಿಯಾಗಬೇಕು ಎಂಬುದು ಇಂಥ ಸೊಸೈಟಿಗಳ ತರ್ಕ. ಹೀಗಾಗಿ ನೀರಿನ ಟ್ಯಾಂಕಿನಿಂದ ಹಿಡಿದು ಮೆಟ್ಟಿಲ ಕೆಳಗೆ ಮರಿ ಹಾಕಿದ ಬೆಕ್ಕಿನವರೆಗೆ ಎಲ್ಲ ವ್ಯವಹಾರವೂ ನನ್ನ ಪಾಲಿಗೆ ಬಂದಿದೆ.

ಕಟ್ಟಡದ ಉತ್ತರಕ್ಕೆ ಸುಮಾರು ೬೦೦ ಚದರ ಅಡಿಯ ಅಂಗಳ. ಅದಕ್ಕೆ ಹಾಸಿದ್ದು ಶಹಾಬಾದ್ ಫರಸಿ. ಬಿಸಿಲು ಅಲ್ಲಿಗೆ ಬರುವುದೇ ಅಪರೂಪ. ಮಳೆಗಾಲ ಒಂದು ತಿಂಗಳು ಕಳೆಯಿತೆಂದರೆ ಕಲ್ಲಿನ ಮೇಲೆ ಕಪ್ಪು-ಹಸಿರು ಪಾಚಿ ಕಟ್ಟಿ, ಎಣ್ಣೆ ಸವರಿದ ಹಾಗೆ ಜಾರುತ್ತದೆ. ೨೦೨೩ರ ಶ್ರಾವಣದಲ್ಲಿ ಕೆಳಗಿನ ಮನೆಯ ಕಾಕೂ ತುಳಸಿಗೆ ನೀರು ಹಾಕಲು ಹೋದವರು ಅಲ್ಲಿಯೇ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಆರು ವಾರ ಪ್ಲಾಸ್ಟರು. ಅವರೂ ಕಾಕಾ ಅವರೂ ಕಲಬುರ್ಗಿ ಕಡೆಯವರು. ಮಗ ಸೊಸೆ ಪರದೇಶದಲ್ಲಿ. ಆ ಆರು ವಾರ ಎಪ್ಪತ್ತು ದಾಟಿದ ಕಾಕಾ ಭಕ್ರಿ ತಟ್ಟಲು ಕಲಿತದ್ದು ಬೇರೆಯೇ ಕಥೆ.

ಕಮಿಟಿ ಕೂಡಿತು. ಕೈಯಿಂದ ತಿಕ್ಕಿದರೆ ಹೋಗುವ ಪಾಚಿಯಲ್ಲ, ಪ್ರೆಶರ್ ವಾಷರ್ ತರಿಸೋಣ ಎಂದು ಠರಾವಾಯಿತು. ಜೊತೆಗೆ ಏನಾದರೂ ಮದ್ದೂ ಬೇಕಲ್ಲ? ಒಬ್ಬರು ಆಸಿಡ್ ಎಂದರು, ಇನ್ನೊಬ್ಬರು ಬ್ಲೀಚ್ ಎಂದರು. ಸರಕಾರಿ ಬುದ್ಧಿ ನನ್ನದು. ಎರಡು ಅಭಿಪ್ರಾಯ ಬಂದರೆ ಎರಡನ್ನೂ ಮಂಜೂರು ಮಾಡಿಬಿಟ್ಟರೆ ಜಗಳವಿಲ್ಲ. ಟೈಲ್ಸ್ ಅಂಗಡಿಯಿಂದ ಐದು ಲೀಟರ್ ಆಸಿಡ್ ನಾನು ತರಿಸಿದೆ, ಮೊದಲನೆಯ ಮಹಡಿಯವರು ಐದು ಲೀಟರ್ ಬ್ಲೀಚ್ ತಂದಿಟ್ಟರು. ಆದರೆ ಅವನ್ನು ಹಾಕುವುದು ಹೇಗೆ, ಯಾವುದರಿಂದ, ಎಷ್ಟು ನೀರು ಬೆರೆಸಿ ಎಂಬ ಪ್ರಶ್ನೆಯನ್ನು ಹದಿನಾರು ಮನೆಯವರಲ್ಲಿ ಒಬ್ಬರೂ ಕೇಳಲಿಲ್ಲ. ನಡಾವಳಿಯ ಪುಸ್ತಕ ಇಂದಿಗೂ ನನ್ನ ಹತ್ತಿರವೇ ಇದೆ. ಅದರಲ್ಲಿ ಚಹದ ಖರ್ಚಿನ ಮೇಲೆ ನಡೆದ ಚರ್ಚೆ ಅರ್ಧ ಪುಟವಿದೆ.

ಭಾನುವಾರ ಬಾಡಿಗೆಯ ಯಂತ್ರದೊಡನೆ ಇಪ್ಪತ್ತು ಇಪ್ಪತ್ತೆರಡರ ಒಬ್ಬ ಹುಡುಗ ಬಂದ. ಯಂತ್ರಕ್ಕೆ ಒಂದು ಸಣ್ಣ ಪಾರದರ್ಶಕ ನಳಿಗೆ ಇತ್ತು. ಅದನ್ನು ಮದ್ದಿನ ಕ್ಯಾನಿನಲ್ಲಿ ಮುಳುಗಿಸಿದರೆ ಯಂತ್ರವೇ ಎಳೆದುಕೊಳ್ಳುತ್ತದೆ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಮೊದಲು ಒಂದು ಮೂಲೆಗೆ ಆಸಿಡ್ ಸುರಿದು ಪೊರಕೆಯಿಂದ ಹರಡಿದ. ಆಮೇಲೆ ನಳಿಗೆಯನ್ನು ಬ್ಲೀಚಿನ ಕ್ಯಾನಿಗೆ ಇಳಿಬಿಟ್ಟು ಗನ್ನು ಒತ್ತಿದ. ನೀರು ಭರ್ರೆಂದು ಬಂತು, ಬ್ಲೀಚ್ ಮಾತ್ರ ಒಂದು ಹನಿಯೂ ಏರಲಿಲ್ಲ. ಎರಡು ಸಲ ನಳಿಗೆ ಕುಟ್ಟಿದ, ಮೂರನೆಯ ಸಲ ಬೈದ. ಕೊನೆಗೆ ಬೇಸತ್ತು ಯಂತ್ರ ನಿಲ್ಲಿಸಿ, ಮಗ್ಗಿನಿಂದ ಬ್ಲೀಚನ್ನು ಮೊಗೆದು ಅಂಗಳಕ್ಕೆಲ್ಲ ಎರಚತೊಡಗಿದ. ಆಸಿಡ್ ಇದ್ದ ಮೂಲೆಗೂ ಎರಚಿದ.

ಆಮೇಲಿನದು ಒಂದೇ ನಿಮಿಷದ ಮಾತು. ನೆಲದಿಂದ ಮೂಗು ಸೀಳುವಂಥ ಘಾಟು ಎದ್ದಿತು. ಹುಡುಗ ಕೆಮ್ಮುತ್ತ ಅಲ್ಲಿಯೇ ಕುಳಿತುಬಿಟ್ಟ, ಕಣ್ಣುಮೂಗಿನಿಂದ ನೀರು. ಬ್ಲೀಚಿಗೆ ಆಸಿಡ್ ಕೂಡಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ೧೯೧೫ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಜರ್ಮನರು ಬಿಟ್ಟ ವಿಷಾನಿಲವೂ ಇದೇ ಕ್ಲೋರಿನ್. ಬಿ.ಎ.ಗೆ ನಾನು ಚರಿತ್ರೆ ಓದಿದವನು. ಆ ಯುದ್ಧದ ಮೇಲೆ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೆ. ನಮ್ಮ ಅಂಗಳದ ಮೂಲೆಯಲ್ಲಿ ಅದೇ ಹುಟ್ಟೀತೆಂದು ಹೊಳೆಯಲಿಲ್ಲ. ಬಾಯಿಗೆ ಒದ್ದೆ ಬಟ್ಟೆ ಹಿಡಿದು ಇಬ್ಬರು ಓಡಿಹೋಗಿ ಅವನನ್ನು ಗೇಟಿನಾಚೆ ಗಾಳಿಗೆ ಎಳೆದು ತಂದೆವು. ಈ ಅನಿಲ ಗಾಳಿಗಿಂತ ಭಾರ, ನೆಲದ ಹತ್ತಿರವೇ ತಂಗುತ್ತದೆ. ಕುಳಿತವನಿಗೆ ನಿಂತವನಿಗಿಂತ ಹೆಚ್ಚು ಅಪಾಯ. ರಿಕ್ಷಾದಲ್ಲಿ ಆಸ್ಪತ್ರೆಗೆ ಹೋಗಿ ಆಮ್ಲಜನಕ ಕೊಡಿಸಿ, ಸಂಜೆಯವರೆಗೆ ಕೂಡಿಸಿಕೊಂಡು ಕಳಿಸಿದರು. ಉಸಿರಾಟದ ತೊಂದರೆ ಕೆಲವು ಗಂಟೆ ಬಿಟ್ಟೂ ಕಾಣಿಸಿಕೊಳ್ಳಬಹುದು, ಎಚ್ಚರಿಕೆಯಿಂದಿರಿ ಎಂದರು ಡಾಕ್ಟರು. ಮರುದಿನ ಅವನ ಖೋಲಿಗೆ ಹೋದೆ. ಹುಡುಗ ಚೆನ್ನಾಗಿಯೇ ಇದ್ದ. ಅವನ ತಾಯಿ ನನಗೆ ಚಹ ಮಾಡಿಕೊಟ್ಟಳು. ಅದನ್ನು ಕುಡಿಯುವುದು ಕಷ್ಟವಾಯಿತು.

ಇತ್ತ ಆಸಿಡ್ ಬಿದ್ದ ಮೂಲೆ ಒಣಗಿದ ಮೇಲೆ ಬೆಳ್ಳಗೆ ಸುಣ್ಣ ಬಳಿದ ಹಾಗೆ ಆಗಿ, ಕೈ ಸವರಿದರೆ ತರಿತರಿ. ಕಾಕಾ ಬಂದು ನೋಡಿದರು.

“ಏ ತಮ್ಮಾ, ಈ ಕಲ್ಲು ಎಲ್ಲಿದು ಗೊತ್ತದ ಏನಪಾ? ನಮ್ಮ ಶಹಾಬಾದದ್ದು. ಸುಣ್ಣದ ಕಲ್ಲು ಇದು. ಇದರ ಮ್ಯಾಲ ಆಸಿಡ್ ಸುರದ್ರ ಕಲ್ಲು ತಿಂದು ಹೋಗ್ತದ, ಪಾಚಿ ಹಂಗೇ ಉಳೀತದ. ನನ್ನ ಕೇಳಬಾರದೇನು?”

“ತಪ್ಪಾಯಿತು ಕಾಕಾ,” ಎಂದೆ. ಬೇರೇನು ಹೇಳಲಿ?

ಶಹಾಬಾದ್ ಇರುವುದು ಕಲಬುರ್ಗಿ ಜಿಲ್ಲೆಯಲ್ಲಿ, ಮುಂಬಯಿಯಿಂದ ಮದ್ರಾಸಿಗೆ ಹೋಗುವ ರೈಲುದಾರಿಯ ಮೇಲೆ. ಪುಣೆ ಮುಂಬಯಿಗಳ ಎಷ್ಟೋ ಹಳೆಯ ಮನೆಗಳ ಅಡಿಗೆಮನೆ, ಅಂಗಳ, ಗಚ್ಚುಗಳಿಗೆ ಈ ಕಲ್ಲೇ. ಇಲ್ಲಿಯ ಜನ ಅದನ್ನು ‘ಶಹಾಬಾದಿ’ ಎಂದೇ ಕರೆಯುತ್ತಾರೆ. ನಮ್ಮ ನಾಡಿನ ಊರಿನ ಹೆಸರನ್ನು ದಿನಾ ಮೆಟ್ಟಿ ಓಡಾಡುತ್ತೇವೆಂಬುದು ಎಷ್ಟು ಕನ್ನಡಿಗರಿಗೆ ನೆನಪಿದೆಯೋ! ಸುಣ್ಣದ ಕಲ್ಲಿಗೆ ಆಸಿಡ್ ಬಿದ್ದರೆ ನೊರೆ ಏಳುತ್ತದೆ. ಕೊಳೆ ಹೋಗುತ್ತಿದೆ ಎಂದು ನಾವು ಹಿಗ್ಗುತ್ತೇವೆ. ನಿಜವಾಗಿ ಹೋಗುತ್ತಿರುವುದು ಕಲ್ಲು. ಮೈ ತರಿಯಾದ ಕಲ್ಲಿನಲ್ಲಿ ಮುಂದಿನ ಮಳೆಗೆ ಪಾಚಿ ಇನ್ನೂ ಬೇಗ ಬೇರೂರುತ್ತದೆ. ಅಮೃತಶಿಲೆ, ಕಡಪಾ ಕಲ್ಲು, ಸಿಮೆಂಟು ಇವಕ್ಕೂ ಇದೇ ಗತಿ. ಅಂತೂ ನಮ್ಮ ಅಂಗಳದಲ್ಲಿ ಆಸಿಡ್ಡಿಗೆ ಕೆಲಸವೇ ಇರಲಿಲ್ಲ. ಪಾಚಿ ಜೀವವಿರುವ ವಸ್ತು. ಅದನ್ನು ಕೊಲ್ಲುವುದು ಬ್ಲೀಚ್.

ಹಾಗಾದರೆ ಆ ನಳಿಗೆ ಬ್ಲೀಚನ್ನು ಎಳೆಯಲಿಲ್ಲವೇಕೆ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಎಳೆದಿದ್ದರೆ ಹುಡುಗ ಮಗ್ಗು ಹಿಡಿಯುತ್ತಿರಲಿಲ್ಲ. ಯಂತ್ರದ ಜೊತೆ ಬಂದಿದ್ದ ಕೈಪಿಡಿಯನ್ನು, ಕಚೇರಿಯ ಸುತ್ತೋಲೆ ಓದುವ ಶ್ರದ್ಧೆಯಿಂದ, ಎರಡು ರಾತ್ರಿ ಓದಿದೆ. ತಿಳಿದದ್ದು ಇಷ್ಟು.

ನಮಗೆ ಬಂದಿದ್ದಂಥ ಯಂತ್ರದಲ್ಲಿ ಪಂಪಿನಿಂದ ನೀರು ಹೊರಬಿದ್ದ ಮೇಲೆ ಒಂದು ಇಕ್ಕಟ್ಟಾದ ಕಂಠವಿರುತ್ತದೆ. ಇದಕ್ಕೆ ಇಂಜೆಕ್ಟರ್ ಎಂದು ಹೆಸರು. ಇಕ್ಕಟ್ಟಿನಲ್ಲಿ ನೀರು ವೇಗವಾಗಿ ನುಗ್ಗುವಾಗ ಅಲ್ಲಿ ಒತ್ತಡ ಕಡಿಮೆಯಾಗಿ, ಪಕ್ಕದ ನಳಿಗೆಯಿಂದ ಮದ್ದು ತಾನಾಗಿ ಒಳಸೇರುತ್ತದೆ. ಆದರೆ ಮುಂದೆ ಗನ್ನಿನ ತುದಿಯಲ್ಲಿ ಕಿರಿದಾದ ನಾಜಲ್ ಇದ್ದರೆ ನೀರಿಗೆ ತಡೆಯಾಗಿ ಹಿಂದಕ್ಕೆ ಒತ್ತಡ ಏರುತ್ತದೆ, ಹೀರುವಿಕೆ ನಿಂತುಹೋಗುತ್ತದೆ. ಯಂತ್ರದೊಡನೆ ಬಣ್ಣಬಣ್ಣದ ನಾಜಲುಗಳು ಬರುತ್ತವೆ: ಕೆಂಪು ಸೂಜಿಯಂತೆ ನೇರ ಧಾರೆ, ಹಳದಿ ೧೫ ಡಿಗ್ರಿ, ಹಸಿರು ೨೫, ಬಿಳಿ ೪೦ ಡಿಗ್ರಿಯ ಬೀಸಣಿಗೆ. ಕೊನೆಯದು ಕಪ್ಪು, ಅಗಲ ಬಾಯಿಯದು. ಮದ್ದು ಏರುವುದು ಅದನ್ನು ಹಾಕಿದಾಗ ಮಾತ್ರ. ನಮ್ಮ ಹುಡುಗ ಹಾಕಿದ್ದು ಹಳದಿ. ಕಪ್ಪು ನಾಜಲ್ ಚೀಲದಲ್ಲಿಯೇ ಭದ್ರವಾಗಿತ್ತು. ಬೆರಳ ತುದಿಯಷ್ಟು ಒಂದು ತುಣುಕು ಚೀಲದಿಂದ ಹೊರಗೆ ಬಾರದ್ದರಿಂದ ಒಬ್ಬನು ಆಸ್ಪತ್ರೆ ಸೇರಬೇಕಾಯಿತು.

ಕಪ್ಪು ನಾಜಲ್ ಹಾಕಿದ್ದರೆ ಕೆಲಸ ಆಗುತ್ತಿತ್ತೇ ಎಂದರೆ, ಅದೂ ಇಲ್ಲ! ಇಲ್ಲಿ ಸ್ವಲ್ಪ ಲೆಕ್ಕವಿದೆ, ವಾಚಕರು ಸಹಿಸಬೇಕು. ಇಂಥ ಇಂಜೆಕ್ಟರು ಒಂದು ಪಾಲು ಮದ್ದಿಗೆ ಸಾಮಾನ್ಯವಾಗಿ ೧೦ರಿಂದ ೨೦ ಪಾಲು ನೀರು ಬೆರೆಸುತ್ತದೆ. ಮನೆಬಳಕೆಯ ಬ್ಲೀಚಿನ ಬಲ ಸುಮಾರು ೫ ಪ್ರತಿಶತ ಎಂದಿಟ್ಟುಕೊಳ್ಳಿ. ೧೫ ಪಾಲು ನೀರು ಕೂಡಿದರೆ ನೆಲ ಮುಟ್ಟುವಾಗ ಉಳಿಯುವುದು ೦.೩ ಪ್ರತಿಶತ. ಗೋಡೆಯ ಮೇಲಿನ ತೆಳು ಪಾಚಿಗೆ ಅರ್ಧದಿಂದ ಒಂದು, ಕಲ್ಲು-ಸಿಮೆಂಟಿನ ನೆಲದ ಹಳೆಯ ಪಾಚಿಗೆ ಒಂದೂವರೆ ಎರಡು ಪ್ರತಿಶತವಾದರೂ ಬೇಕು. ಕ್ಯಾನು ಬರಿದಾದೀತು, ಪಾಚಿಗೆ ಸ್ನಾನವಾದೀತು, ಅಷ್ಟೇ. ಕಾರಖಾನೆಗಳಿಗೆ ಸಿಗುವ ೧೦-೧೨ ಪ್ರತಿಶತದ ಬ್ಲೀಚ್ ತಂದರೆ ಗೋಡೆಯ ಮಟ್ಟಕ್ಕೆ ಸಾಕು, ನೆಲಕ್ಕೆ ಆಗಲೂ ಸಾಲದು. ಹಾಗೆಂದು ಇಂಜೆಕ್ಟರ್ ಕೆಟ್ಟದ್ದೆಂದಲ್ಲ. ಉದ್ದನೆಯ ಕಂಪೌಂಡು ಗೋಡೆ, ಏಣಿ ಹಾಕದೆ ಮುಟ್ಟಲಾಗದ ಎತ್ತರ, ಸ್ಕೂಟರು ನಿಲ್ಲಿಸುವ ಕಡೆಯ ಎಣ್ಣೆ ಜಿಡ್ಡಿಗೆ ಸೋಪಿನ ನೀರು, ಇಂಥಲ್ಲಿ ಅದಕ್ಕಿಂತ ಸುಲಭವಾದದ್ದಿಲ್ಲ. ತೆಳು ಮದ್ದು ಬಹಳ ಜಾಗಕ್ಕೆ ಬೇಗ ಹರಡಬೇಕಾದಾಗ ಅದೇ ಸರಿ.

ಪಂಪಿಗೆ ನೀರು ಸೇರುವ ಮೊದಲೇ ಮದ್ದನ್ನು ಕೂಡಿಸುವವರೂ ಉಂಟು. ಬಕೆಟ್ಟಿನಲ್ಲಿ ಬ್ಲೀಚ್ ಕಲಸಿ ಪಂಪಿಗೇ ಕುಡಿಸಿಬಿಡುವುದು. ಬಲವೇನೋ ನಿಮ್ಮ ಕೈಯಲ್ಲಿರುತ್ತದೆ, ಆದರೆ ಬ್ಲೀಚ್ ಆಗಲಿ ಆಸಿಡ್ ಆಗಲಿ ಪಂಪಿನ ರಬ್ಬರು ಸೀಲು, ವಾಲ್ವು, ಲೋಹ ಎಲ್ಲವನ್ನೂ ತಿನ್ನುತ್ತದೆ. ಬಾಡಿಗೆ ಯಂತ್ರವಾದರೆ ಡಿಪಾಜಿಟ್ಟು ಹೋಯಿತು, ಸ್ವಂತದ್ದಾದರೆ ಯಂತ್ರವೇ ಹೋಯಿತು. ಮೇಲಾಗಿ ೧೨೦ ಬಾರ್, ಎಂದರೆ ಚದರ ಸೆಂಟಿಮೀಟರಿಗೆ ಸುಮಾರು ೧೨೦ ಕಿಲೋ ಒತ್ತಡದಲ್ಲಿ ಬ್ಲೀಚ್ ಚಿಮ್ಮಿ, ಗೋಡೆಗೆ ತಾಗಿ ಕಣ್ಣಿಗೆ ಮರಳಿ ಬಂದರೆ ಗತಿಯೇನು? ಇದನ್ನು ನಾನು ಯಾರಿಗೂ ಹೇಳಲಾರೆ.

ಮೂರನೆಯದು ನೊರೆ ಬಾಟಲಿ; ಕಾರು ತೊಳೆಯುವ ಅಂಗಡಿಗಳಲ್ಲಿ ನೋಡಿರುತ್ತೀರಿ. ಗನ್ನಿನ ತುದಿಗೆ ಒಂದು ಲೀಟರಿನ ಬಾಟಲಿ ಸಿಕ್ಕಿಸಿದರೆ ಒಳಗಿನ ಜಾಲರಿಯಲ್ಲಿ ಸೋಪು, ನೀರು, ಗಾಳಿ ಕೂಡಿ ಕ್ಷೌರದ ನೊರೆಯಂತೆ ಹೊರಬರುತ್ತದೆ. ನೊರೆಯ ಗುಣವೆಂದರೆ ನೆಟ್ಟಗಿನ ಮೈಮೇಲೆ ಜಾರದೆ ಕೆಲಹೊತ್ತು ನಿಲ್ಲುವುದು. ಬಾಗಿಲು, ಗ್ರಿಲ್ಲು, ವಾಹನಗಳಿಗೆ ಬಹಳ ಚೆನ್ನ. ಬ್ಲೀಚ್ ಹಾಕಿದರೆ ಮಾತ್ರ ಆ ಹಿತ್ತಾಳೆಯ ತುಂಡು, ಜಾಲರಿ ಬಹುಕಾಲ ಬಾಳಲಾರವು. ಗನ್ನಿನ ತುದಿಗೇ ಜೋಡಿಸುವ ಇನ್ನೊಂದು ಬಗೆಯ ಇಂಜೆಕ್ಟರೂ ಇದೆ. ಅದು ಹೆಚ್ಚು ಬಲದ ಮದ್ದು ಎಳೆಯುತ್ತದೆ, ಮದ್ದು ಹೋಸಿಗೂ ಗನ್ನಿಗೂ ಸೋಂಕುವುದಿಲ್ಲ. ಅದರ ಕ್ಯಾನಿನ ನಳಿಗೆಯನ್ನೂ ಜೊತೆಗೆ ಎಳೆದಾಡಬೇಕು, ಅಭ್ಯಾಸವಿದ್ದವರಿಗೆ ಅದು.

ಇಷ್ಟು ಓದಿ ತಲೆ ಕೆಟ್ಟಿರುವಾಗ ಊರಿನಿಂದ ಅಪ್ಪಯ್ಯನ ಫೋನು ಬಂತು. ನಮ್ಮದು ಶಿರಸಿ ಸೀಮೆ. ಅಪ್ಪಯ್ಯನಿಗೆ ಸ್ವಲ್ಪ ಅಡಿಕೆ ತೋಟವಿದೆ. ನಡೆದದ್ದೆಲ್ಲ ಹೇಳಿದೆ. ಅವರು ಒಂದೇ ಮಾತು ಕೇಳಿದರು: “ಮದ್ದನ್ನ ಯಾಕೆ ಅಷ್ಟು ಜೋರಾಗಿ ಹೊಡೆಯಬೇಕೋ? ಅದು ಅಲ್ಲಿ ನಿಂತರೆ ಸಾಕಲ್ಲ?”

ಈ ಮಾತಿನಿಂದ ನನಗೆ ಬೆಳಕು ಹರಿಯಿತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಬಾಲ್ಯದಿಂದ ನೋಡಿದವನು ನಾನು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ. ಕೊನೆಗೌಡ ಮರ ಹತ್ತಿ, ಅಡಿಕೆಯ ಕೊನೆಯ ಮೇಲೆ ಮಂಜು ಕೂತ ಹಾಗೆ ಮದ್ದು ಕೂಡಿಸುತ್ತಿದ್ದ. ಜೋರು ಧಾರೆ ಬಿಟ್ಟರೆ ಮದ್ದು ನೆಲದ ಪಾಲು ಎಂದು ಬೈಸಿಕೊಳ್ಳುತ್ತಿದ್ದ. ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಮಾಡಬಾರದು, ಹೊಳೆಯುವ ಚೂರಿ ಅದ್ದಿ ನೋಡಬೇಕು, ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಸಂಜೆ ಪಂಪನ್ನು ಮೂರು ನೀರಿನಲ್ಲಿ ತೊಳೆಯದೆ ಊಟಕ್ಕೆ ಬರಬಾರದು. ಯಾವ ಮದ್ದು ಯಾವ ಪಾತ್ರೆಯನ್ನು ತಿನ್ನುತ್ತದೆ, ಎಷ್ಟು ಬಲವಿರಬೇಕು, ಎಲ್ಲಿ ನಿಲ್ಲಬೇಕು ಎಂಬ ಮೂರು ವಿಚಾರವೂ ನಮ್ಮ ತೋಟದಲ್ಲಿ ಎಲ್ಲರಿಗೂ ಗೊತ್ತಿತ್ತು. ಪುಣೆಗೆ ಬಂದು ಬಟನ್ ಒತ್ತುವ ಯಂತ್ರ ಕಂಡೊಡನೆ ನಾನೇ ಮರೆತಿದ್ದೆ.

ಒತ್ತಡ ಇರುವುದು ಸತ್ತ ಪಾಚಿಯನ್ನು ಕೊಚ್ಚಿ ತೆಗೆಯುವುದಕ್ಕೆ. ಅದು ನೀರಿನ ಕೆಲಸ. ಕೊಲ್ಲುವುದು ಮದ್ದಿನ ಕೆಲಸ. ಅದಕ್ಕೆ ಬೇಕಾದದ್ದು ಹೊತ್ತು. ಎರಡನ್ನೂ ಒಂದೇ ಗನ್ನಿನಿಂದ ಮಾಡಿಸಬೇಕೆಂಬ ನಿಯಮವೇನೂ ಇಲ್ಲ. ನಮ್ಮಷ್ಟು ಅಂಗಳಕ್ಕೆ ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರೇ ಸಾಕು. ರೈತರು ಕೊಳ್ಳುವ ೧೬ ಲೀಟರಿನದು, ಪ್ಲಾಸ್ಟಿಕ್ಕಿನದು, ಬ್ಯಾಟರಿಯದೂ ಇದೆ, ಕೈಪಂಪಿನದೂ ಇದೆ. ನೀವು ಬೆರೆಸಿದಷ್ಟೇ ಬಲ ನೆಲಕ್ಕೆ ತಲಪುತ್ತದೆ, ಯಂತ್ರಕ್ಕೆ ಬ್ಲೀಚಿನ ಸೋಂಕೇ ಇಲ್ಲ.

೨೦೨೪ರ ದಸರೆಗೆ ಮುಂಚಿನ ಭಾನುವಾರ ಹಾಗೆಯೇ ಮಾಡಿದೆವು. ಹಿಂದಿನ ವರ್ಷದ ಹುಡುಗನನ್ನೇ ಕರೆಸಿದೆ. ಬರುತ್ತಾನೋ ಇಲ್ಲವೋ ಎಂಬ ಅಳುಕಿತ್ತು, ಬಂದ. ಕಣ್ಣಿಗೆ ಮುಚ್ಚುಗನ್ನಡಕ, ರಬ್ಬರಿನ ಕೈಗವಸು, ಗಮ್ ಬೂಟು ಮೊದಲೇ ತಂದಿಟ್ಟಿದ್ದೆ. ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲು, ಕಸ ಗುಡಿಸಿ, ತುಳಸಿಗೂ ಕ್ರೋಟನ್ನುಗಳಿಗೂ ಬೇರು ಎಲೆ ನೆನೆಯುವಂತೆ ನೀರು ಹಾಕಿ ಪ್ಲಾಸ್ಟಿಕ್ ಹೊದಿಸಿದೆವು. ನೀರು ಕುಡಿದ ಗಿಡ ಬ್ಲೀಚನ್ನು ಅಷ್ಟಾಗಿ ಕುಡಿಯುವುದಿಲ್ಲ. ಹೊಸ ತಾರೀಖು ನೋಡಿ ತಂದ ೫ ಪ್ರತಿಶತದ ಬ್ಲೀಚ್ ನಾಲ್ಕು ಲೀಟರು, ನೀರು ಎಂಟು ಲೀಟರು. ಬಲ ಒಂದೂವರೆ ಪ್ರತಿಶತದ ಮೇಲೆ. ಬ್ಲೀಚ್ ಬಿಸಿಲು ಸೆಕೆಗಳಿಗೆ ತನ್ನ ಬಲ ಕಳೆದುಕೊಳ್ಳುತ್ತದೆ, ಹಳೆಯ ಕ್ಯಾನು ನಂಬಬಾರದು. ಬ್ಲೀಚಿಂಗ್ ಪುಡಿ ಅಗ್ಗವೆಂದು ಒಬ್ಬರು ಸೂಚಿಸಿದರು. ಆದರೆ ಅದರ ಸುಣ್ಣದ ಗಸಿ ಸ್ಪ್ರೇಯರಿನ ಬಾಯಿ ಕಟ್ಟಿಸುತ್ತದೆ. ಅದೇ ಬೇಕೆಂದರೆ ಕಲಸಿಟ್ಟು, ಗಸಿ ತಳಕ್ಕಿಳಿದ ಮೇಲೆ ತಿಳಿನೀರು ಮಾತ್ರ ಬಳಸಬೇಕು.

ಗಾಳಿಗೆ ಬೆನ್ನು ಮಾಡಿ, ದೂರದ ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ, ಒದ್ದೆಯಾಗುವಷ್ಟೇ ಹೊಡೆಯಲು ಹೇಳಿದೆ. ಗೋಡೆಯ ಬುಡವನ್ನು ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಇಳಿಬಿಟ್ಟರೆ ಒಣಗೋಡೆಯ ಮೇಲೆ ಗೀರುಗೀರು ಕಲೆ ಉಳಿಯುತ್ತದೆ. ಹತ್ತು ನಿಮಿಷ ಕಾದೆವು. ಒಣಗುವಂತೆ ಕಂಡಲ್ಲಿ ಮತ್ತೊಂದು ಕೈ. ಕಪ್ಪು ಹಸಿರಾಗಿ, ಹಸಿರು ಮಾಸಲು ಕಂದಾಗಿ ತಿರುಗುವುದನ್ನು ಕಾಕಾ ಕುರ್ಚಿ ಹಾಕಿಕೊಂಡು ಕಿಟಕಿಯ ಒಳಗಿನಿಂದ ನೋಡಿದರು. ಆಮೇಲೆ ಯಂತ್ರ. ಹಸಿರು ನಾಜಲ್, ನೆಲದಿಂದ ಒಂದು ಅಡಿ ದೂರ, ಬರಿಯ ನೀರು. ಕಲ್ಲುಗಳ ಸಂದಿಯಲ್ಲಿ ಹೆಚ್ಚು ಹೊತ್ತು ನಿಲ್ಲಿಸಬೇಡ, ಸಿಮೆಂಟು ಎದ್ದುಬರುತ್ತದೆ ಎಂದು ನಾನು ಹೇಳುವ ಮೊದಲೇ ಹುಡುಗ ತಾನೇ ಬದಿಗೆ ಸರಿಸಿದ. ಹನ್ನೊಂದಕ್ಕೆ ಕೆಲಸ ಮುಗಿಯಿತು. ಉಳಿದ ಒಂದಿಷ್ಟು ಮದ್ದಿಗೆ ಬಹಳ ನೀರು ಬೆರೆಸಿ ಮೋರಿಗೆ ಬಿಟ್ಟು, ಸ್ಪ್ರೇಯರನ್ನು ಮೂರು ನೀರಿನಲ್ಲಿ ತೊಳೆದೆವು. ಬೆರೆಸಿದ ಬ್ಲೀಚನ್ನು ಮುಚ್ಚಿ ಎತ್ತಿಡುವುದು ಬೇಡ.

ಸೊಸೈಟಿಯಲ್ಲಿ ಈಗ ಒಂದು ನಿಯಮ ಮಾಡಿದ್ದೇವೆ. ಅಂಗಳಕ್ಕೆ ಮದ್ದು ಹಾಕುವ ದಿನ ಯಾರ ಮನೆಯಿಂದಲೂ ಪಾಯಿಖಾನೆ ತೊಳೆಯುವ ಆಸಿಡ್ಡಾಗಲಿ, ಅಮೋನಿಯ ಇರುವ ಗಾಜಿನ ದ್ರಾವಣವಾಗಲಿ ಆ ಕಡೆಯ ಮೋರಿಗೆ ಬೀಳಕೂಡದು. ಬ್ಲೀಚಿಗೆ ಅಮೋನಿಯ ಸೇರಿದರೂ ವಿಷದ ಹೊಗೆಯೇ. ಯಾರ ಕಣ್ಣಿಗಾದರೂ ಸಿಡಿದರೆ ಓಡುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆಮೇಲೆಯೇ ರಿಕ್ಷಾ ಹುಡುಕಬೇಕು. ಇದನ್ನು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಬರೆದು ಫಲಕಕ್ಕೆ ಅಂಟಿಸಿದ್ದೇನೆ. ಕನ್ನಡ ಓದುವ ಮನೆಗಳು ಎರಡೇ, ಅದರಲ್ಲಿ ಒಂದು ನಮ್ಮದು, ಇರಲಿ.

ಕಾಕೂ ಈಗ ಬೆಳಿಗ್ಗೆ ಮೊದಲಿನ ಹಾಗೆ ತುಳಸಿಗೆ ನೀರು ಹಾಕಲು ಹೋಗುತ್ತಾರೆ, ತಂಬಿಗೆ ಮಾತ್ರ ಎಡಗೈಯಲ್ಲಿ. ಆಸಿಡ್ ತಿಂದ ಮೂಲೆಯ ನಾಲ್ಕು ಕಲ್ಲು ಬೆಳ್ಳಗೇ ಉಳಿದಿವೆ. ಬದಲಿಸೋಣವೆಂದು ಕಾಕಾನನ್ನು ಕೇಳಿದೆ. “ಇರಲಿ ಬಿಡಪಾ, ಮುಂದಿನ ಸೆಕ್ರೆಟರಿಗೆ ತೋರಸಲಿಕ್ಕೆ ಬೇಕಾಗ್ತದ,” ಎಂದರು. ಸ್ಪ್ರೇಯರು ಮೆಟ್ಟಿಲ ಕೆಳಗೆ ಮೊಳೆಗೆ ತೂಗುಹಾಕಿದೆ, ಮೇಲೆ ‘ಬ್ಲೀಚಿಗೆ ಮಾತ್ರ’ ಎಂದು ಕೆಂಪು ಬಣ್ಣದಲ್ಲಿ ಬರೆದಿದೆ. ಅದರ ಹಿಡಿಕೆಗೆ ಒಂದು ದಾರ ಕಟ್ಟಿ ಕಪ್ಪು ನಾಜಲನ್ನೂ ಇಳಿಬಿಡಬೇಕೆಂದಿದ್ದೆ. ಆದರೆ ಅದು ಬಾಡಿಗೆಯವರ ಚೀಲಕ್ಕೆ ಸೇರಿದ್ದು, ಮರಳಿ ಕೊಟ್ಟು ರಸೀದಿ ತೆಗೆದುಕೊಂಡಿದ್ದೇನೆ.